ದಾರಿ ತಪ್ಪಿದ ಕಿಶೋರರ ಸುಧಾರಣೆಯಲ್ಲಿ ಮಮತೆಯ ಸ್ಥಾನ

ಹುಡುಗನೊಬ್ಬ ಕೆಟ್ಟನೆಂದು ಸುದ್ದಿಯಾದರೆ ನಮ್ಮ ಕಡೆಯ ಕಟ್ಟೆಗಳ ಮೇಲೆ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಹಿರಿಯರು 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಎಂದು ಕೈಬಿಡುತ್ತಾರೆ. ಸ್ವಲ್ಪ ಓದಿದವರು 'ದಂಡಂ ದಶಗುಣಂ' ಎಂದು ಬೆತ್ತ ತೋರಿಸುತ್ತಾರೆ. ಮೊದಲನೆಯ ಮಾತಿನ ಪ್ರಕಾರ ಮಾಡುವದೇನೂ ಉಳಿದಿಲ್ಲ. ಎರಡನೆಯದರ ಪ್ರಕಾರ ಮಾಡಬೇಕಾದದ್ದು ಒಂದೇ. ಹದಿನಾಲ್ಕರಿಂದ ಹದಿನೆಂಟರ ವಯಸ್ಸಿನ ಹುಡುಗ ಗಿಡವೋ ಮರವೋ ಎಂಬದನ್ನು ಮಾತ್ರ ಯಾರೂ ಬಿಡಿಸಿ ಹೇಳುವದಿಲ್ಲ. ಇಂಥ ಹುಡುಗರನ್ನು ಮನೆಯಿಂದ ದೂರ ಒಂದು ಸಂಸ್ಥೆಯಲ್ಲಿ ಇರಿಸಿಕೊಂಡು ತಿದ್ದುವ ಪ್ರಯತ್ನಗಳು ನೂರು ವರ್ಷಗಳಿಗೂ ಮಿಕ್ಕಿ ನಡೆದಿವೆ. ಕೆಲವು ಫಲಿಸಿದವು, ಬಹಳಷ್ಟು ಫಲಿಸಲಿಲ್ಲ. ಫಲಿಸಿದ ಕಡೆ ಏನಿತ್ತು, ಫಲಿಸದ ಕಡೆ ಏನು ಕಡಿಮೆ ಬಿದ್ದಿತು ಎಂಬದನ್ನು ಸಮಾಜಶಾಸ್ತ್ರದ ವಿದ್ಯಾರ್ಥಿಯಾದ ನಾನು ತಿಳಿದಷ್ಟು ಇಲ್ಲಿ ನಿವೇದಿಸುತ್ತೇನೆ.

ಮೊದಲು ನಮ್ಮ ಸುತ್ತಲಿನ ಸ್ಥಿತಿಯನ್ನು ನೋಡೋಣ. ಹುನಗುಂದ, ಬಾದಾಮಿ ತಾಲೂಕುಗಳಲ್ಲಿ ಮಳೆಯನ್ನೇ ನಂಬಿದ ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಅನೇಕ ಸಂಸಾರಗಳು ಗೋವೆ, ರತ್ನಾಗಿರಿ, ಮಂಗಳೂರುಗಳ ಕಡೆಗೆ ಗುಳೆ ಹೋಗುತ್ತವೆ. ಕೂಸುಗಳು ತಾಯಿಯ ಸೊಂಟದ ಮೇಲೆ ಹೋದರೆ ಶಾಲೆಗೆ ಹೋಗುವವು ಅಜ್ಜಿಯ ಹತ್ತಿರ ಉಳಿಯುತ್ತವೆ. ಇಳಕಲ್ಲಿನ ಸುತ್ತ ಮಗ್ಗ ಮತ್ತು ಗ್ರಾನೈಟ್ ಕಲ್ಲಿನ ಕೆಲಸಗಳಿವೆ. ಹುಡುಗನ ಕೈಯಲ್ಲಿ ಬೇಗನೆ ಕಾಸು ಆಡುತ್ತದೆ. ಕಾಸಿನ ಹಿಂದೆ ಗುಟ್ಕಾ ಬರುತ್ತದೆ, ಗುಟ್ಕಾದ ಹಿಂದೆ ಬೇರೆಯದು ಬರುತ್ತದೆ. ಬಾಗಲಕೋಟೆಯ ಮಾತು ಇನ್ನೊಂದು. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಓಣಿಗಳನ್ನು ನುಂಗಿದಾಗ ಜನರಿಗೆ ನವನಗರದಲ್ಲಿ ನಿವೇಶನಗಳು ಸಿಕ್ಕವು, ಆದರೆ ಓಣಿಯನ್ನು ಓಣಿಯಾಗಿಯೇ ಎತ್ತಿ ಇಡುವದು ಯಾರಿಂದ ಸಾಧ್ಯ? ಹಳೆಯ ಓಣಿಯಲ್ಲಿ ಹುಡುಗನೊಬ್ಬ ಮರೆಯಲ್ಲಿ ಬೀಡಿ ಸೇದಿದರೆ ಸಂಜೆಯೊಳಗೆ ಅವನ ಅಪ್ಪನಿಗೆ ಸುದ್ದಿ ಮುಟ್ಟುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ಹತ್ತು ಮನೆಯವರ ಕಣ್ಣು ಹುಡುಗನ ಮೇಲಿರುವದು ಹುಡುಗನಿಗೆ ಕಿರಿಕಿರಿಯೇ ಸರಿ. ಆದರೂ ಅದೊಂದು ಕಾವಲು.

ಇಂಥ ಸ್ಥಿತಿಯಲ್ಲಿ ಬೆಳೆದವರೆಲ್ಲ ಕೆಡುತ್ತಾರೆಂದು ನನ್ನ ವಾದವಲ್ಲ. ಹಾಗಿದ್ದರೆ ನಮ್ಮ ತರಗತಿಯ ಅರ್ಧ ಬೆಂಚುಗಳು ಬರಿದಾಗಿರಬೇಕಿತ್ತು. ಬಡತನಕ್ಕಿಂತ ಹೆಚ್ಚಾಗಿ, ನೆಚ್ಚಿಕೊಳ್ಳಲು ಒಬ್ಬ ದೊಡ್ಡ ಮನುಷ್ಯನೂ ಇಲ್ಲದಿರುವದೇ ಹುಡುಗನನ್ನು ಕೆಡಿಸುತ್ತದೆಂದು ನನಗೆ ತೋರುತ್ತದೆ. ಲಂಡನ್ನಿನ ವೈದ್ಯ ಜಾನ್ ಬೌಲ್ಬಿ 1944ರಲ್ಲಿ ಪ್ರಕಟಿಸಿದ ಅಭ್ಯಾಸವೊಂದು ಇದಕ್ಕೆ ಒತ್ತಾಸೆಯಾಗಿದೆ. ಕಳವಿನ ಚಟ ಹತ್ತಿದ 44 ಮಕ್ಕಳನ್ನೂ, ಮನಸ್ಸಿನ ತೊಂದರೆಗಳಿದ್ದರೂ ಕಳವು ಮಾಡದ ಬೇರೆ 44 ಮಕ್ಕಳನ್ನೂ ಅವನು ಹೋಲಿಸಿ ನೋಡಿದನು. ಕಳವಿನ ಮಕ್ಕಳಲ್ಲಿ 14 ಮಂದಿ ಯಾರ ಮೇಲೂ ಅಕ್ಕರೆಯಿಲ್ಲದವರಂತೆ, ಬೈದರೂ ಹೊಗಳಿದರೂ ಒಂದೇ ಎಂಬವರಂತೆ ಇದ್ದರು. ಆ 14ರಲ್ಲಿ 12 ಮಂದಿ ಎಳವೆಯಲ್ಲಿ ತಾಯಿಯಿಂದ ದೀರ್ಘಕಾಲ ಅಗಲಿದ್ದವರು. ಕಳವು ಮಾಡದ 44ರಲ್ಲಿ ಹಾಗೆ ಅಗಲಿದವರು ಇಬ್ಬರೇ. ಸಂಖ್ಯೆ ಚಿಕ್ಕದು, ಪರೀಕ್ಷಿಸಿದವನೂ ತೀರ್ಮಾನಿಸಿದವನೂ ಒಬ್ಬನೇ ಎಂದು ಮುಂದಿನ ಪಂಡಿತರು ಆಕ್ಷೇಪಿಸಿದ್ದುಂಟು, ಅದು ನ್ಯಾಯವಾದ ಆಕ್ಷೇಪವೇ. ಆದರೂ ಕಳವನ್ನು ನೋಡುತ್ತಿದ್ದ ಜಗತ್ತು ಕಳವಿನ ಹಿಂದಿನ ಅಗಲಿಕೆಯನ್ನು ನೋಡುವಂತೆ ಮಾಡಿದ ಶ್ರೇಯಸ್ಸು ಆ ಅಭ್ಯಾಸಕ್ಕೆ ಸಲ್ಲಬೇಕು.

ಇನ್ನು ಸಂಸ್ಥೆಗಳ ಇತಿಹಾಸ. ನಮ್ಮ ಭಾಗದಲ್ಲಿ ಇದರ ಮೊದಲ ಅಧ್ಯಾಯ ಸಂತೋಷದ್ದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಆಗಿನ ಮುಂಬಯಿ ಇಲಾಖೆಯಲ್ಲಿ, ಕೆಲವು ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕಾಯದೆಯಲ್ಲಿ ಬರೆದು ವಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರ ಮೊದಲಾದ ಕಡೆ ಬೇಲಿಯೊಳಗಿನ ವಸತಿಗಳಲ್ಲಿ ಇರಿಸಿದರು. ವಿಜಾಪುರದಲ್ಲಿ ಅಧಿಕಾರಿಯಾಗಿದ್ದ ಓ. ಎಚ್. ಬಿ. ಸ್ಟಾರ್ಟ್ ಎಂಬಾತನು ಇದಕ್ಕೆ ಮುಂದಾಳು. ಅಲ್ಲಿ ಶಾಲೆಯಿತ್ತು, ಕೆಲಸ ಕಲಿಸುತ್ತಿದ್ದರು, ಸುಧಾರಣೆಯ ಮಾತೂ ಇತ್ತು. ಜೊತೆಗೆ ಹಾಜರಿ ಕೂಗುವದೂ ಇತ್ತು. ಆ ಕಾಯದೆ ದೇಶದಲ್ಲೆಲ್ಲ ರದ್ದಾದದ್ದು 1952ರಲ್ಲಿ. ಹುಬ್ಬಳ್ಳಿಯಲ್ಲಿಯೂ ಗದಗಿನಲ್ಲಿಯೂ 'ಸೆಟ್ಲಮೆಂಟ್' ಎಂಬ ಬಡಾವಣೆಯ ಹೆಸರು ಮಾತ್ರ ಇಂದಿಗೂ ಉಳಿದಿದೆ. ಹುಟ್ಟಿದ ಮನೆಯಿಂದಲೇ ಮಗುವಿಗೆ ಕಳ್ಳನೆಂಬ ಹೆಸರು ಕೊಟ್ಟು ಆ ಮೇಲೆ ಪ್ರೀತಿಸಲು ಹೊರಟರೆ ಆ ಪ್ರೀತಿಯನ್ನು ಯಾವ ಮಗು ತಾನೇ ನಂಬೀತು?

ಎರಡನೆಯ ಅಧ್ಯಾಯ ಬೋರ್ಸ್ಟಲ್ ಶಾಲೆಯದು. ಇಂಗ್ಲಂಡಿನ ಕೆಂಟ್ ಪ್ರಾಂತದ ಬೋರ್ಸ್ಟಲ್ ಎಂಬ ಹಳ್ಳಿಯಲ್ಲಿ 1902ರಲ್ಲಿ ತರುಣ ಅಪರಾಧಿಗಳನ್ನು ದೊಡ್ಡವರ ಸೆರೆಮನೆಯಿಂದ ಬೇರ್ಪಡಿಸಿ ಇಡುವ ಏರ್ಪಾಡು ಆರಂಭವಾಯಿತು. ಹಳ್ಳಿಯ ಹೆಸರೇ ಪದ್ಧತಿಯ ಹೆಸರಾಯಿತು. ಮುಂಬಯಿ ಇಲಾಖೆಯಲ್ಲಿ 1929ರಲ್ಲಿ ಬೋರ್ಸ್ಟಲ್ ಶಾಲೆಗಳ ಕಾಯದೆಯಾಯಿತು. ನಮ್ಮ ಭಾಗಕ್ಕೆ ಹತ್ತಿರದ ಶಾಲೆ ಧಾರವಾಡದ್ದು. ರಾಜ್ಯಗಳ ಪುನರ್ರಚನೆಯಾದ ನಂತರ 1963ರಲ್ಲಿ ನಮ್ಮ ರಾಜ್ಯವೂ ತನ್ನದೇ ಬೋರ್ಸ್ಟಲ್ ಕಾಯದೆಯನ್ನು ಮಾಡಿತು. ಇಂಗ್ಲಂಡಿನಲ್ಲಿ ಮೊದಮೊದಲು ಇದು ಕವಾಯತು ಮತ್ತು ಬೀಗದ ಕೈಯ ಪದ್ಧತಿಯೇ ಆಗಿತ್ತು. 1922ರಲ್ಲಿ ಅಲೆಗ್ಝಾಂಡರ್ ಪ್ಯಾಟರ್ಸನ್ ಎಂಬವನು ಸೆರೆಮನೆಗಳ ಆಯುಕ್ತರಲ್ಲಿ ಒಬ್ಬನಾದ ಮೇಲೆ, ಹುಡುಗರನ್ನು ಚಿಕ್ಕ ಮನೆಗಳಾಗಿ ವಿಂಗಡಿಸಿ ಒಂದೊಂದು ಮನೆಗೂ ಹುಡುಗರ ಜೊತೆಯಲ್ಲಿರುವ ಒಬ್ಬ ಗೃಹಪಾಲಕನನ್ನು ಇರಿಸುವ ರೂಢಿ ಬಲಿಯಿತು. 1930ರಲ್ಲಿ ಬಿಲ್ ಲೆವೆಲಿನ್ ಎಂಬ ಅಧಿಕಾರಿ ಹುಡುಗರ ಒಂದು ತಂಡವನ್ನು ಲಂಡನ್ನಿನ ಹತ್ತಿರದ ಫೆಲ್ತಮ್‌ನಿಂದ ಸುಮಾರು 130 ಮೈಲು ದೂರದ ಲೌಡಮ್ ಗ್ರೇಂಜಿಗೆ ಕಾಲ್ನಡಿಗೆಯಲ್ಲಿ ಕರೆದುಕೊಂಡು ಹೋದನು. ಅಲ್ಲಿ ಗೋಡೆಯಿರಲಿಲ್ಲ, ತಾವು ಇರುವ ಮನೆಯನ್ನು ತಾವೇ ಕಟ್ಟಿಕೊಳ್ಳುವದು ಹುಡುಗರ ಕೆಲಸವಾಗಿತ್ತು. ಕೊನೆಗೆ ಆ ಪದ್ಧತಿಯೂ ಹಳಸಿ 1982ರ ಕಾಯದೆಯಿಂದ ಇಂಗ್ಲಂಡಿನಲ್ಲಿ ಬೋರ್ಸ್ಟಲ್ ಎಂಬದೇ ಇಲ್ಲವಾಯಿತು.

ಇಂದು ನಮ್ಮಲ್ಲಿ ನಡೆಯುತ್ತಿರುವದು 2015ರ ಬಾಲನ್ಯಾಯ ಕಾಯದೆ. 2016ರ ಜನವರಿ 15ರಿಂದ ಜಾರಿಯಲ್ಲಿದೆ. ಇದರಲ್ಲಿ ಬರುವ ಹೆಸರುಗಳು ನಮ್ಮಲ್ಲಿ ಅನೇಕರಿಗೆ ಕಲಸುಮೇಲೋಗರವಾಗಿರುವದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹದಿನೆಂಟು ತುಂಬದವನು ತಪ್ಪು ಮಾಡಿದರೆ ಅವನ ವಿಚಾರಣೆ ಬಾಲನ್ಯಾಯ ಮಂಡಳಿಯ ಮುಂದೆ. ಅಲ್ಲಿ ಒಬ್ಬ ನ್ಯಾಯಾಧೀಶರು, ಇಬ್ಬರು ಸಮಾಜಸೇವಕರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಿರಬೇಕು. ವಿಚಾರಣೆ ನಡೆಯುವಾಗ ಹುಡುಗನನ್ನು ಇರಿಸುವ ಸ್ಥಳ ವೀಕ್ಷಣಾಲಯ. ತಪ್ಪು ಸಿದ್ಧವಾದರೆ ಎಚ್ಚರಿಸಿ ಮನೆಗೆ ಕಳಿಸಬಹುದು, ಪರಿವೀಕ್ಷಣಾಧಿಕಾರಿಯ ಕಣ್ಣಳತೆಯಲ್ಲಿ ಬಿಡಬಹುದು, ಅಥವಾ ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹದಲ್ಲಿರಿಸಬಹುದು. ಘೋರ ಅಪರಾಧದ ಆರೋಪವಿರುವ ಹದಿನಾರು ಮೀರಿದವರ ಮಾತು ಬೇರೆ. ಅದಕ್ಕೆ ಕಾಯದೆಯಲ್ಲಿ ಬೇರೆ ದಾರಿಯಿದೆ. ತಪ್ಪು ಮಾಡದೆ ಬರಿಯ ಅನಾಥರಾದ, ಓಡಿಬಂದ, ದುಡಿಮೆಯಿಂದ ಬಿಡಿಸಿ ತಂದ ಮಕ್ಕಳನ್ನು ನೋಡುವದು ಮಕ್ಕಳ ಕಲ್ಯಾಣ ಸಮಿತಿ. ಅವರು ಇರುವದು ಬಾಲಮಂದಿರದಲ್ಲಿ. ಬಾಲಮಂದಿರವೆಂದರೆ ಕಳ್ಳಹುಡುಗರ ಜೇಲು ಎಂದು ತಿಳಿದವರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. ಅದು ಶುದ್ಧ ತಪ್ಪು ತಿಳಿವಳಿಕೆ. ಪ್ರತಿಯೊಂದು ಮಗುವಿಗೂ ಬೇರೆ ಬೇರೆಯಾಗಿ ಆರೈಕೆಯ ಯೋಜನೆ ಬರೆಯಬೇಕೆಂದು ನಿಯಮವಿದೆ. ಓದಲು ಬಹಳ ಸೊಗಸಾದ ಕಾಯದೆ.

ಆದರೆ ಕಾಯದೆ ಕಟ್ಟಡ ಕೊಟ್ಟೀತು, ಅನ್ನ ಕೊಟ್ಟೀತು, ಯೋಜನೆಯ ಕಾಗದ ಕೊಟ್ಟೀತು. ಹುಡುಗನ ಒಳಗೆ ಬದಲಾವಣೆಯನ್ನು ತರುವ ವಸ್ತು ಯಾವದು? ಈ ಪ್ರಶ್ನೆಯನ್ನು ಬಹಳ ನೇರವಾಗಿ ಕೈಗೆತ್ತಿಕೊಂಡ ಇಬ್ಬರನ್ನು ಇಲ್ಲಿ ಪರಿಚಯಿಸಬೇಕು. ಇಬ್ಬರೂ ಮೂಲತಃ ಶಾಲಾ ಮಾಸ್ತರರೇ.

ಮೊದಲನೆಯವನು ವಿಯೆನ್ನಾ ನಗರದ ಆಗುಸ್ಟ್ ಐಖ್‌ಹಾರ್ನ್. ಮೊದಲನೆಯ ಮಹಾಯುದ್ಧ ಮುಗಿದ 1918ರಲ್ಲಿ ಓಬರ್‌ಹೋಲಾಬ್ರುನ್ ಎಂಬಲ್ಲಿ, ಬರಿದಾಗಿ ಬಿದ್ದಿದ್ದ ನಿರಾಶ್ರಿತರ ಶಿಬಿರದ ಶೆಡ್ಡುಗಳಲ್ಲಿ, ಅವನು ದಾರಿತಪ್ಪಿದ ಮಕ್ಕಳ ಮನೆಯನ್ನು ತೆರೆದನು. ಅತ್ಯಂತ ಒರಟರಾದ ಹುಡುಗರನ್ನೆಲ್ಲ ಒಂದೇ ತಂಡವಾಗಿ ಮಾಡಿ, ಪ್ರಾಣಕ್ಕೆ ಅಪಾಯವಾಗದಷ್ಟು ನೋಡಿಕೊಳ್ಳಿರಿ, ಅದರಾಚೆ ಕೈ ಎತ್ತಬೇಡಿರಿ ಎಂದು ತನ್ನವರಿಗೆ ಕಟ್ಟಪ್ಪಣೆ ಮಾಡಿದನು. ಹುಡುಗರು ಮೇಜು ಮುರಿದರು, ಕಿಟಕಿ ಒಡೆದರು. ದಿನದಿನಕ್ಕೂ ಪುಂಡಾಟ ಏರಿತು. ತಾವು ಎದುರುನೋಡುತ್ತಿದ್ದ ಪೆಟ್ಟು ಬರಲೇ ಇಲ್ಲವೆಂದಾಗ ಅವರ ಸಿಟ್ಟಿಗೆ ನಿಲ್ಲಲು ನೆಲ ಸಿಗದೆ ಹೋಯಿತು. ಸಿಟ್ಟಿನ ಹಿಂದಿನಿಂದ ಅಳು ಬಂತು. ಆ ಬಳಿಕವೇ ಹುಡುಗರು ತಮ್ಮ ಜೊತೆಗಿದ್ದ ದೊಡ್ಡವರನ್ನು ಹಚ್ಚಿಕೊಳ್ಳತೊಡಗಿದರು. ಅವನ ಪುಸ್ತಕ 1925ರಲ್ಲಿ ಹೊರಬಂದಾಗ ಫ್ರಾಯ್ಡನೇ ಅದಕ್ಕೆ ಮುನ್ನುಡಿ ಬರೆದನು. ಇದನ್ನು ಓದಿ ನಾಳೆಯೇ ಯಾರಾದರೂ ಹಾಸ್ಟೆಲಿನ ಕಿಟಕಿ ಒಡೆಯಲು ಬಿಟ್ಟಾರೆಂಬ ಭಯ ನನಗಿಲ್ಲ. ಇದರ ತಿರುಳು ಬೇರೆ. ಪೆಟ್ಟು ತಿಂದು ಬೆಳೆದ ಹುಡುಗ ಹೊಸ ಮನುಷ್ಯನನ್ನು ಕಂಡಾಗ 'ಇವನೂ ಹೊಡೆಯುವವನೇ' ಎಂಬ ಲೆಕ್ಕದಿಂದ ಹೊರಡುತ್ತಾನೆ. ಲೆಕ್ಕವನ್ನು ತಾಳೆ ನೋಡಲು ಕೆಣಕುತ್ತಾನೆ. ಆ ಲೆಕ್ಕ ತಪ್ಪೆಂದು ತೋರಿಸುವದು ಉಪದೇಶದಿಂದ ಆಗದು.

ಎರಡನೆಯವನು ಉಕ್ರೇನಿನ ಅಂತೋನ್ ಮಕರೆಂಕೋ. ಅಂತರ್ಯುದ್ಧದಲ್ಲಿ ಅನಾಥರಾಗಿ ಬೀದಿಗೆ ಬಿದ್ದ, ಕಳವು ದರೋಡೆಗಳಿಗೆ ಇಳಿದಿದ್ದ ಕಿಶೋರರಿಗಾಗಿ ಪೊಲ್ತಾವಾ ಪಟ್ಟಣದ ಹತ್ತಿರ 1920ರಲ್ಲಿ ವಸಾಹತು ತೆರೆದನು. ಇವನು ಐಖ್‌ಹಾರ್ನನಷ್ಟು ಸಮಾಧಾನಿಯಲ್ಲ. ಆರಂಭದ ದಿನಗಳಲ್ಲಿ ತಾಳ್ಮೆಗೆಟ್ಟು ಒಬ್ಬ ಹುಡುಗನಿಗೆ ಹೊಡೆದುಬಿಟ್ಟದ್ದನ್ನು ತಾನೇ ಬರೆದಿಟ್ಟಿದ್ದಾನೆ. ಹುಡುಗರಿಂದ ಹೊಲದ ದುಡಿಮೆಯನ್ನೂ ಕಟ್ಟುನಿಟ್ಟನ್ನೂ ಬಯಸಿದವನು. ಆದರೂ ಅವನ ಕಥನದಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ದುಡ್ಡಿನ ಪ್ರಸಂಗ. ದರೋಡೆಯ ಹಿನ್ನೆಲೆಯಿದ್ದ ಒಬ್ಬ ಹುಡುಗನನ್ನು ಕರೆದು, ಕುದುರೆ ಕೊಟ್ಟು, ಪಟ್ಟಣದ ಖಜಾನೆಯಿಂದ 500 ರೂಬಲ್ ತರಲು ಒಬ್ಬನನ್ನೇ ಕಳಿಸಿದನು. ಹುಡುಗ ತಂದನು, ಎಣಿಸಿ ನೋಡಿರೆಂದು ಹಟ ಹಿಡಿದನು. ಮಕರೆಂಕೋ ಎಣಿಸದೆ ಪೆಟ್ಟಿಗೆಯಲ್ಲಿ ಹಾಕಿದನು. ಎರಡು ವಾರದ ಮೇಲೆ ಅದೇ ಹುಡುಗನನ್ನು 2000 ರೂಬಲ್ ತರಲು ಕಳಿಸಿದನು. ದಾರಿಯಲ್ಲಿ ಯಾರಾದರೂ ತನ್ನ ಮೇಲೆ ಬೀಳಬಾರದೇ, ಪ್ರಾಣ ಕೊಟ್ಟಾದರೂ ಈ ಹಣವನ್ನು ಕಾಯ್ದು ತೋರಿಸಬಹುದಾಗಿತ್ತಲ್ಲ ಎಂದು ಆ ಹುಡುಗ ಹಂಬಲಿಸಿಕೊಂಡು ಬಂದನಂತೆ. ಪುಸ್ತಕದಲ್ಲಿ ಅವನ ಹೆಸರು ಕರಬಾನೋವ್. ನಿಜವಾದ ಹೆಸರು ಸೆಮ್ಯೋನ್ ಕಲಬಾಲಿನ್. ಮುಂದೆ ಅವನೇ ಶಿಕ್ಷಕನಾಗಿ, ಅನಾಥ ಮಕ್ಕಳ ಮನೆಗಳ ಮುಖ್ಯಸ್ಥನಾಗಿ ಜೀವಮಾನ ಕಳೆದನು.

ಈ ಪ್ರಸಂಗದಲ್ಲಿ ಸಿಹಿಮಾತು ಒಂದೂ ಇಲ್ಲವೆಂಬದನ್ನು ವಾಚಕರು ಗಮನಿಸಬೇಕು. ಮಮತೆಯೆಂದರೆ ಮುದ್ದು ಮಾಡುವದಲ್ಲ. ಹುಡುಗ ಇನ್ನೂ ನಂಬಿಕೆಗೆ ಯೋಗ್ಯನಾಗಿಲ್ಲದಾಗಲೇ ಅವನನ್ನು ನಂಬುವದು, ಅದೂ ಉತ್ತರ ಕೊಡಬೇಕಾದ ನಿಜವಾದ ಕೆಲಸವೊಂದನ್ನು ಕೊಟ್ಟು ನಂಬುವದು. ಹದಿನೈದರ ಹುಡುಗನಿಗೆ ಕನಿಕರವೆಂದರೆ ಆಗದು. ಕನಿಕರವನ್ನು ಅವನು ಅವಮಾನದ ಸಾಲಿನಲ್ಲಿಯೇ ಎಣಿಸುತ್ತಾನೆ.

ಪುಸ್ತಕದ ಮಾತು ಇರಲಿ. ಇಂಥ ಒಂದು ಸಂಸ್ಥೆಯಲ್ಲಿ ಒಂದೂಕಾಲು ವರ್ಷ ಇದ್ದು ಬಂದ ಹುಡುಗನೊಬ್ಬ ನನಗೆ ಚೆನ್ನಾಗಿ ಗೊತ್ತು. ಅವನ ಹೆಸರು, ಊರು, ಇದ್ದ ಸಂಸ್ಥೆ, ಮಾಡಿದ ತಪ್ಪು ಯಾವದನ್ನೂ ಹೇಳುವಂತಿಲ್ಲ. ಬಾಲನ್ಯಾಯ ಕಾಯದೆಯ 74ನೆಯ ಕಲಮು ಅದನ್ನು ನಿಷೇಧಿಸುತ್ತದೆ, ನಿಷೇಧಿಸದಿದ್ದರೂ ಹೇಳುತ್ತಿರಲಿಲ್ಲ. ತಂದೆತಾಯಿ ದುಡಿಯಲು ದೂರ ಹೋದವರು, ಅಜ್ಜಿಗೆ ಕಣ್ಣು ಮಂಜು. ತನಗಿಂತ ದೊಡ್ಡ ಹುಡುಗರ ಜೊತೆ ಕೂಡಿ ಸಿಕ್ಕಿಬಿದ್ದನು. ಅವನನ್ನು ತಿದ್ದಿದವರು ಯಾರೆಂದು ಕೇಳಿದಾಗ ನಾನು ಯಾರಾದರೂ ಅಧಿಕಾರಿಯ ಹೆಸರನ್ನು ನಿರೀಕ್ಷಿಸಿದ್ದೆ. ಅವನು ಹೇಳಿದ್ದು ಅಡಿಗೆಯವನ ವಿಷಯ. ಒಮ್ಮೆ ಅವನು ಅಲ್ಲಿಂದ ಓಡಿಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, ರಾತ್ರಿ ತಿರುಗಿ ಬಂದನಂತೆ.

'ಅವತ್ತ ಯಾರೂ ನನ್ನ ಕೂಡ ಮಾತಾಡ್ಲಿಲ್ಲಣ್ಣ. ನೋಡಿ ಮಾರಿ ತಿರುವಿದ್ರು. ಅಡಿಗಿ ಕಾಕಾ ಒಬ್ಬಾಂವ "ಉಂಡಿಯೇನಪಾ?" ಅಂದ. ಎರಡ ರೊಟ್ಟಿ, ಪಲ್ಯಾ ಮುಚ್ಚಿಟ್ಟಿದ್ದ. ನಾ ಬರ್ತೀನಂತ ಅಂವಗ ಹ್ಯಾಂಗ ಗೊತ್ತಿತ್ತು?'

ಆ ಕೊನೆಯ ಪ್ರಶ್ನೆ ಅವನನ್ನು ಎಷ್ಟೋ ದಿವಸ ಕಾಡಿತಂತೆ. ಮರುದಿನದಿಂದ ಅಡಿಗೆಮನೆಯಲ್ಲಿ ನೀರು ತುಂಬಲು ಹೋದನು. ಕಾಕಾ ಕೆಲಸ ಹೇಳುತ್ತಿದ್ದನು, ತಪ್ಪಿದರೆ ಬೈಯುತ್ತಿದ್ದನು, ಹಿಟ್ಟಿನ ಡಬ್ಬಿಯ ಬೀಗವನ್ನು ಅವನ ಕೈಗೇ ಕೊಡುತ್ತಿದ್ದನು. ಪೊಲ್ತಾವಾದ 2000 ರೂಬಲ್ ಮತ್ತು ಈ ಬೀಗದ ಕೈ ನನಗಂತೂ ಒಂದೇ ತೂಕದವಾಗಿ ಕಾಣುತ್ತವೆ. ಮಕರೆಂಕೋನನ್ನು ಕಾಕಾ ಓದಿರಲಾರ. ಮುಂದೆ ಆದದ್ದೇನೆಂದರೆ, ಗುತ್ತಿಗೆ ಮುಗಿಯಿತೆಂದು ಕಾಕಾ ಕೆಲಸ ಬಿಡಬೇಕಾಯಿತು. ಹುಡುಗನಿಗೆ ಯಾರೂ ಹೇಳಿರಲಿಲ್ಲ. ಒಂದು ಮುಂಜಾನೆ ಅಡಿಗೆಮನೆಯಲ್ಲಿ ಬೇರೊಬ್ಬರಿದ್ದರು. ಆ ವಾರ ಹುಡುಗ ಮತ್ತೆ ತಾಟು ಎಸೆದನು, ಮತ್ತೆ ಓಡಲು ನೋಡಿದನು. ಕಾಗದದಲ್ಲಿ ಇದಕ್ಕೆ 'ವರ್ತನೆಯಲ್ಲಿ ಹಿನ್ನಡೆ' ಎಂದು ಬರೆದಿರಬಹುದು. ಮನೆಯಲ್ಲಿ ಆಗಿದ್ದರೆ ಇದಕ್ಕೆ ದುಃಖವೆಂದು ಹೆಸರು.

ಇಲ್ಲಿ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹುಡುಗನನ್ನು ಬದಲಿಸುವದು ಸಂಸ್ಥೆಯಲ್ಲ, ಸಂಸ್ಥೆಯೊಳಗಿನ ಒಬ್ಬ ಮನುಷ್ಯ. ಆ ಮನುಷ್ಯ ಎಷ್ಟು ಒಳ್ಳೆಯವನು ಎಂಬದರಷ್ಟೇ ಅವನು ಎಷ್ಟು ದಿನ ಇರುತ್ತಾನೆ ಎಂಬದೂ ಮುಖ್ಯ. ನಮ್ಮ ಏರ್ಪಾಡುಗಳಲ್ಲಿ ಎಲ್ಲಕ್ಕೂ ಲೆಕ್ಕವಿದೆ: ಹಾಸಿಗೆ ಎಷ್ಟು, ಸಾಬೂನು ಎಷ್ಟು, ಹಾಜರಿ ಎಷ್ಟು. ಒಬ್ಬ ಹುಡುಗನ ಜೊತೆ ಒಬ್ಬನೇ ದೊಡ್ಡವನು ಎಷ್ಟು ತಿಂಗಳು ಉಳಿದನು ಎಂಬದಕ್ಕೆ ಕಾಲಮು ಇಲ್ಲ. ಅಮೇರಿಕೆಯ ಡೆಟ್ರಾಯ್ಟ್ ನಗರದಲ್ಲಿ ಫ್ರಿಟ್ಸ್ ರೆಡ್ಲ್ ಎಂಬ ವಿದ್ವಾಂಸನು 1946ರಲ್ಲಿ ಬಹಳ ಕಷ್ಟದ ಕೆಲವೇ ಹುಡುಗರಿಗಾಗಿ 'ಪಯನಿಯರ್ ಹೌಸ್' ಎಂಬ ಮನೆಯನ್ನು ತೆರೆದಿದ್ದನು. ಈ ವಿದ್ಯೆಯ ಅತ್ಯುತ್ತಮ ಗ್ರಂಥಗಳಲ್ಲಿ ಎರಡು ಆ ಮನೆಯ ಅನುಭವದಿಂದ ಹುಟ್ಟಿದವು. ಮನೆ ಮಾತ್ರ ಹಣವಿಲ್ಲದೆ 1948ರಲ್ಲಿಯೇ ಮುಚ್ಚಿಹೋಯಿತು. ಗ್ರಂಥಗಳು ಉಳಿದವು, ಹುಡುಗರು ಮತ್ತೆ ಚದುರಿದರು.

ಮಮತೆಯನ್ನು ಹೀಗೆ ಹೊಗಳುತ್ತ ಹೋದರೆ ಅದು ಎಲ್ಲ ರೋಗಕ್ಕೂ ಮದ್ದೆಂದು ಯಾರಾದರೂ ತಿಳಿದಾರು. ಅದಕ್ಕೆ ವಿರುದ್ಧವಾದ ಸಾಕ್ಷ್ಯವೂ ಇದೆ, ಅದನ್ನು ಮುಚ್ಚಿಡುವದು ಸರಿಯಲ್ಲ. ಅಮೇರಿಕೆಯ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಎಂಬ ಜೋಡಿ ಪಟ್ಟಣಗಳಲ್ಲಿ 1939ರಲ್ಲಿ 506 ಹುಡುಗರನ್ನು ಆರಿಸಿ, ಅರ್ಧದಷ್ಟು ಹುಡುಗರಿಗೆ ಸ್ನೇಹಪರರಾದ ಸಲಹೆಗಾರರನ್ನು ಗೊತ್ತುಮಾಡಿದರು. ಉಳಿದರ್ಧವನ್ನು ಅವರ ಪಾಡಿಗೆ ಬಿಟ್ಟರು. ಸಲಹೆಗಾರರು ಸರಾಸರಿ ಐದು ವರ್ಷಕ್ಕೂ ಮಿಕ್ಕಿ ಮನೆಗೆ ಹೋಗಿ ಬಂದು ಮಾಡಿದರು, ಕೆಲವರನ್ನು ಬೇಸಿಗೆಯ ಶಿಬಿರಗಳಿಗೆ ಕಳಿಸಿದರು. ಮೂವತ್ತು ವರ್ಷಗಳ ಮೇಲೆ ಜೋನ್ ಮೆಕಾರ್ಡ್ ಎಂಬ ವಿದುಷಿ ಆ ಹುಡುಗರನ್ನೆಲ್ಲ ಹುಡುಕಿ ವಿಚಾರಿಸಿ 1978ರಲ್ಲಿ ಫಲವನ್ನು ಪ್ರಕಟಿಸಿದಳು. ಹಲವು ವಿಷಯಗಳಲ್ಲಿ ಸಹಾಯ ಪಡೆದವರೇ ಪಡೆಯದವರಿಗಿಂತ ಕೆಟ್ಟ ಸ್ಥಿತಿಯಲ್ಲಿದ್ದರು; ಒಂದಕ್ಕಿಂತ ಹೆಚ್ಚು ಸಲ ಶಿಬಿರಕ್ಕೆ ಹೋದವರ ಪಾಡು ಇನ್ನೂ ಕೆಟ್ಟದಾಗಿತ್ತೆಂದು ಮುಂದೆ ತಿಳಿದುಬಂತು. ದಾರಿತಪ್ಪುವ ಅಂಚಿನಲ್ಲಿರುವ ಹುಡುಗರನ್ನೇ ಒಂದು ಕಡೆ ಕಲೆಹಾಕಿದರೆ, ಅವರು ಗುರುವಿನಿಂದ ಕಲಿಯುವದಕ್ಕಿಂತ ಪಕ್ಕದ ಹಾಸಿಗೆಯವನಿಂದ ಕಲಿಯುವದೇ ಹೆಚ್ಚು. ದೊಡ್ಡವನ ಸ್ನೇಹ ಆ ಪಕ್ಕದ ಹಾಸಿಗೆಗಿಂತ ಬಲವಾಗಿರದಿದ್ದರೆ ಮನೆಯಲ್ಲಿಯೇ ಬಿಡುವದು ಲೇಸು. ಸಂಸ್ಥೆಗೆ ಕಳಿಸುವದು ಕೊನೆಯ ಉಪಾಯವಾಗಿರಬೇಕೆಂದು ನಮ್ಮ ಕಾಯದೆಯೂ ಇದಕ್ಕೇ ಹೇಳುತ್ತದೆ.

ಇನ್ನೊಂದು ಭಯ ಇದಕ್ಕಿಂತ ಘೋರವಾದದ್ದು. ಮುಚ್ಚಿದ ಬಾಗಿಲಿನ ಹಿಂದೆ ಮಮತೆಯ ವೇಷ ಹಾಕಿ ಬರುವವರಿದ್ದಾರೆ. ಬಿಹಾರದ ಮುಜಫ್ಫರಪುರದ ಬಾಲಿಕಾಗೃಹದಲ್ಲಿ ನಡೆದದ್ದು 2018ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಪರಿಶೀಲನೆಯಿಂದ ಹೊರಬಂತು. 2020ರಲ್ಲಿ 19 ಮಂದಿ ಅಪರಾಧಿಗಳೆಂದು ನ್ಯಾಯಾಲಯ ತೀರ್ಮಾನಿಸಿತು. ಹೊರಗಿನವರು ಹೋಗಿ ಬಂದು ಮಾಡುವ ಮನೆ ಮಾತ್ರ ಮಕ್ಕಳಿಗೆ ಕ್ಷೇಮವಾದ ಮನೆ. ತೊಂದರೆಯಲ್ಲಿರುವ ಮಗುವಿಗಾಗಿ 1098 ಎಂಬ ಸಂಖ್ಯೆಗೆ ಯಾರು ಬೇಕಾದರೂ ಪುಕ್ಕಟೆಯಾಗಿ ಫೋನು ಮಾಡಬಹುದೆಂಬದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಯುರೋಪು ಅಮೇರಿಕೆಗಳ ಮಾತನ್ನೇ ಆಡಿದೆನೆಂದು ಗುರುಗಳು ಆಕ್ಷೇಪಿಸಬಹುದು. ನಮ್ಮ ನೆಲದಲ್ಲಿ ಈ ವಿದ್ಯೆ ಹೊಸದಲ್ಲ, ಇದಕ್ಕೆ ಈ ಹೆಸರಿರಲಿಲ್ಲ ಅಷ್ಟೆ. ಮನೆತನದ ಸಂಸ್ಕಾರವನ್ನು ಒಲ್ಲದೆ ಬಾಗೇವಾಡಿಯಿಂದ ಹೊರಟುಬಂದ ತರುಣ ಬಸವಣ್ಣನನ್ನು ಕೂಡಲಸಂಗಮದಲ್ಲಿ ಈಶಾನ್ಯಗುರು ಬರಮಾಡಿಕೊಂಡು ದೇವರ ಪೂಜೆಯ ಕೆಲಸ ಒಪ್ಪಿಸಿದನೆಂದು ಹರಿಹರನ ರಗಳೆ ಹೇಳುತ್ತದೆ. ಆ ಸಂಗಮ ಇರುವದು ನಮ್ಮ ಹುನಗುಂದ ತಾಲೂಕಿನಲ್ಲಿಯೇ. ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಹುಟ್ಟುಕುರುಡರಾದ ಇಬ್ಬರು ಅಣ್ಣತಮ್ಮಂದಿರನ್ನು ತಂದು ಸಾಕಿ ಸಂಗೀತ ಕಲಿಸಿದರು. ಅವರಲ್ಲಿ ಒಬ್ಬರು ಪಂಚಾಕ್ಷರಿ ಗವಾಯಿಗಳಾದರು. ಅವರು ತಮ್ಮಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ ಹುಡುಗರನ್ನು ಕೂಡಿಸಿಕೊಂಡು ಊರೂರು ತಿರುಗಿದರು. ಆ ಹುಡುಗರಲ್ಲಿ ಒಬ್ಬರು ಪುಟ್ಟರಾಜ ಗವಾಯಿಗಳು, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ 2010ರಲ್ಲಿ ದೇಹ ಬಿಡುವ ತನಕ ಅದನ್ನೇ ನಡೆಸಿದರು. ಇವರು ದಾರಿತಪ್ಪಿದ ಮಕ್ಕಳಲ್ಲ, ನಿಜ. ಆದರೆ ಸಾಕಿಸಿಕೊಂಡವನೇ ಸಾಕುವವನಾಗುವ ಕ್ರಮ, ಕಲಬಾಲಿನ್ ಆದಂತೆ, ಇಲ್ಲಿ ಎರಡು ತಲೆಮಾರು ನಡೆದದ್ದನ್ನು ಕಾಣುತ್ತೇವೆ.

ಇಳಕಲ್ಲಿನ ಮಹಾಂತ ಜೋಳಿಗೆಯಂತೂ ನಮಗೆಲ್ಲ ಪರಿಚಿತ. ಚಿತ್ತರಗಿ-ಇಳಕಲ್ಲ ವಿಜಯ ಮಹಾಂತೇಶ ಮಠದ ಮಹಾಂತ ಸ್ವಾಮಿಗಳು 1975ರಿಂದ ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿ, ಹಣವನ್ನಲ್ಲ, ಜನರ ಚಟಗಳನ್ನು ಭಿಕ್ಷೆ ಬೇಡಿದರು. ತಂಬಾಕಿನ ಚೀಟು, ಬೀಡಿಯ ಕಟ್ಟು ಆ ಜೋಳಿಗೆಯಲ್ಲಿ ಬಿದ್ದವು. 2018ರಲ್ಲಿ ಸ್ವಾಮಿಗಳು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ವ್ಯಸನಮುಕ್ತ ದಿನವೆಂದು ಆಚರಿಸಲಾಗುತ್ತಿದೆ. ಬೈಯಬೇಕಾದವರು ಎದುರು ನಿಂತು ಬೇಡಿದಾಗ ಮನುಷ್ಯನಿಗೆ ಕೊಡದೆ ಇರುವದಾಗುವದಿಲ್ಲ. ಇದು ಐಖ್‌ಹಾರ್ನನ ಉಪಾಯಕ್ಕಿಂತ ಸೂಕ್ಷ್ಮವಾದದ್ದು. ಆದರೆ ಜೋಳಿಗೆಯಲ್ಲಿ ಹಾಕುವದು ಒಂದು ದಿನದ ಕೆಲಸ, ಮರುದಿನ ಬೆಳಿಗ್ಗೆ ಏಳುವದು ಹಳೆಯ ಗೆಳೆಯರ ನಡುವೆಯೇ. ಧರ್ಮಸ್ಥಳದವರು ನಮ್ಮ ಹಳ್ಳಿಗಳಲ್ಲಿಯೂ ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರಗಳಲ್ಲಿ ಇದಕ್ಕೊಂದು ದಾರಿ ಮಾಡಿದ್ದಾರೆ. ಶಿಬಿರ ಮುಗಿಸಿದವರೆಲ್ಲ ಊರಿನಲ್ಲಿಯೇ ನವಜೀವನ ಸಮಿತಿಯೆಂದು ಕೂಡಿ ಮುಂದೆಯೂ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಶಿಬಿರಕ್ಕಿಂತ ಸಮಿತಿಯೇ ಹೆಚ್ಚಿನದೆಂದು ನನ್ನ ಅಭಿಪ್ರಾಯ.

ಕಿಶೋರರ ಸಂಸ್ಥೆಗಳಲ್ಲಿ ಎಲ್ಲಕ್ಕಿಂತ ದುರ್ಬಲವಾದ ಜಾಗ ಇದೇ, ಹೊರಬೀಳುವ ದಿನ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ನಮ್ಮ ಮನೆಯಲ್ಲಿ ಕೊಂಡಿ ಹಾಕುವವಳು ಅವ್ವ. ಎಲ್ಲಕ್ಕೂ ಹೆಚ್ಚು ಹೊತ್ತು ಹಿಡಿಯುವದೂ ಕಣ್ಣಿಗೆ ಬೀಳದೆ ಹೋಗುವದೂ ಆ ಕೆಲಸವೇ. ಹದಿನೆಂಟು ತುಂಬಿ ಸಂಸ್ಥೆಯಿಂದ ಹೊರಬಂದವರಿಗೆ ಇಪ್ಪತ್ತೊಂದರವರೆಗೆ, ವಿಶೇಷ ಸಂದರ್ಭಗಳಲ್ಲಿ ಇಪ್ಪತ್ತಮೂರರವರೆಗೆ, ಅನುಪಾಲನೆ ಕೊಡಬಹುದೆಂದು ನಿಯಮವಿದೆ. 24ನೆಯ ಕಲಮಿನ ಪ್ರಕಾರ ಹುಡುಗನ ಹಳೆಯ ತಪ್ಪು ಅವನ ಮುಂದಿನ ಬಾಳಿಗೆ ಅಡ್ಡಿಯಾಗಕೂಡದು, ಅದರ ದಾಖಲೆಗಳನ್ನೂ ಕಾಲಾನಂತರ ನಾಶಮಾಡಬೇಕು. ಊರಿನ ಬಾಯಿಗೆ ಮಾತ್ರ ಈ ಕಲಮು ಅನ್ವಯಿಸುವದಿಲ್ಲ. ಮೇಲೆ ಹೇಳಿದ ಹುಡುಗನನ್ನು ಅವನ ಊರಿನಲ್ಲಿ ಈಗಲೂ ಕದ್ದ ವಸ್ತುವಿನ ಹೆಸರಿನಿಂದಲೇ ಕರೆಯುತ್ತಾರೆ. ಚಹದಂಗಡಿಯಲ್ಲಿ ನಗುತ್ತಲೇ ಕರೆಯುತ್ತಾರೆ, ಅವನೂ ನಗುತ್ತಾನೆ.

ಈ ಲೇಖನಕ್ಕಾಗಿ ವಿಷಯ ಕೂಡಿಸುತ್ತಿದ್ದಾಗ ನಾವು ಐದು ಮಂದಿ ಗೆಳೆಯರು ಇಂಥ ಒಂದು ಸಂಸ್ಥೆಯ ಅಧೀಕ್ಷಕರನ್ನು ಕಂಡು, ರವಿವಾರಗಳಲ್ಲಿ ಬಂದು ಹುಡುಗರಿಗೆ ಪಾಠ ಹೇಳುತ್ತೇವೆ, ಅಪ್ಪಣೆಯಾದೀತೇ ಎಂದು ಕೇಳಿದೆವು. ಪೊಲೀಸರ ಪರಿಶೀಲನೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಒಪ್ಪಿಗೆ ಇವೆಲ್ಲ ಬೇಕೆಂದರು, ಅದು ಯೋಗ್ಯವೇ. ಆ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. 'ಎಷ್ಟು ತಿಂಗಳು ಬರ್ತೀರಿ?' ಅಂತಿಮ ವರ್ಷದವರಾದ ನಾವು ಪರೀಕ್ಷೆ ಮುಗಿದೊಡನೆ ಊರು ಬಿಡುವವರು. ಕೈಬೆರಳು ಮಡಚಿ ಎಣಿಸಿದರೆ ನಾಲ್ಕು ತಿಂಗಳು ಬಂದವು. ಅಧೀಕ್ಷಕರು ಚಹ ತರಿಸಿದರು, ಬೇಡವೆಂದೂ ಅನ್ನಲಿಲ್ಲ, ಬರ್ರಿ ಎಂದೂ ಅನ್ನಲಿಲ್ಲ. ತಿರುಗಿ ಬಂದ ಮೇಲೆ ಎರಡನೆಯ ವರ್ಷದ ತರಗತಿಯಲ್ಲಿ ಈ ವಿಷಯ ತಿಳಿಸಿದೆವು. ಇಬ್ಬರು ಹೆಸರು ಕೊಟ್ಟಿದ್ದಾರೆ. ಒಬ್ಬನ ಮನೆ ಆ ಸಂಸ್ಥೆಯಿಂದ ಸೈಕಲ್ ಹಾದಿಯಷ್ಟೇ ದೂರ. ಕಾಲೇಜು ಮುಗಿದ ಮೇಲೂ ಅವನು ಅಲ್ಲಿಯೇ ಇರುವವನು.